ಬದನಿ ಬಣ್ಣದ ನೆಲ್ಲು

ಪಚಕ್. ಛಟ್.

ಮೊದಲನೆಯದು ಒದ್ದೆ ಎರೆಮಣ್ಣಿನಿಂದ ಗಿಡವನ್ನು ಬೇರುಸಮೇತ ಎಳೆಯುವ ಸದ್ದು. ಎರಡನೆಯದು ಆ ಬೇರನ್ನು ಹಿಮ್ಮಡಿಗೆ ಬಡಿದು ಮಣ್ಣು ಉದುರಿಸುವ ಸದ್ದು. ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರೆ ಈ ಎರಡೂ ಒಂದರ ಹಿಂದೊಂದು ಕೇಳುತ್ತಲೇ ಇರುತ್ತಿದ್ದವು, ನಡುವೆ ಯಾರದಾದರೂ ಬೈಗುಳ, ಯಾರದಾದರೂ ನಗು. ಈಗ ನನ್ನ ಕಿವಿ ಮಂದವಾಗಿದೆ. ಮೊಮ್ಮಕ್ಕಳು ಹತ್ತಿರ ಬಂದು ಕೂಗಬೇಕು. ಆದರೆ ಆ ಸದ್ದು ಮಾತ್ರ, ಐ ಡೋಂಟ್ ನೋ ವೈ, ಮಧ್ಯಾಹ್ನ ಸುಮ್ಮನೆ ಕೂತಾಗ ಸ್ಪಷ್ಟವಾಗಿ ಕೇಳಿಸುತ್ತದೆ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಹೊಸಪೇಟೆಗೆ ಬಂದವಳು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ವರ್ಷಗಳು ಅವು. ನಾವಿನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದೆವು, ಡ್ಯಾಮ್ ಅನ್ನುವುದು ಬರೀ ಮಾತಾಗಿತ್ತು. ನಮ್ಮ ಮನೆಯವರು ಕಂಪ್ಲಿಯ ಕಾಲುವೆಗಳ ಓವರ್ಸಿಯರ್, ಭಾನುವಾರಕ್ಕೊಮ್ಮೆ ಮನೆ ಕಾಣುವವರು. ಮಾವನವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣ ಕಾಣುತ್ತಿತ್ತು, ಆಕಾರ ಕಾಣುತ್ತಿರಲಿಲ್ಲ. ಹಾಗಾಗಿ ಗಾದಿಗನೂರಿನ ಹತ್ತಿರವಿದ್ದ ತಗ್ಗಿನ ಹೊಲದ ಉಸಾಬರಿ ನನ್ನ ತಲೆಗೆ ಬಂತು. "ಇಂಗ್ಲೀಷ್ ಕಲ್ತಾಕಿ, ವ್ಯವಸಾಯದ ಸಾಹೇಬ್ರ ಕೂಡ ಮಾತಾಡಾಕ ಬರತೈತಿ, ನೀನs ನೋಡ್ಕೋ ಯವ್ವಾ" ಅಂದುಬಿಟ್ಟರು.

ಸಂಡೂರಿನ ಗುಡ್ಡಗಳಿಂದ ಇಳಿದ ನೀರು ಬಂದು ನಿಲ್ಲುವ ಜಾಗ ಅದು. ಕಂಪ್ಲಿಯವರಿಗೆ ಹೊಳೆಯ ಕಾಲುವೆ ಇತ್ತು, ಕೆಸರು ಮಾಡಿ ಸಸಿ ನಾಟಿ ಮಾಡುತ್ತಿದ್ದರು. ನಮಗೆ ಮಳೆಯೊಂದೇ. ಆರಿದ್ರಾ ಮಳೆಗೆ ಒಣಮಣ್ಣಿನಲ್ಲೇ, ಜೋಳ ಬಿತ್ತಿದ ಹಾಗೆ ಕೂರಿಗೆ ಹಿಡಿದು ನೆಲ್ಲು, ಅಂದರೆ ಭತ್ತ, ಬಿತ್ತಬೇಕು. ಹುಬ್ಬೆ, ಉತ್ತರೆ ಮಳೆಯ ಹೊತ್ತಿಗೆ ಒಡ್ಡಿನೊಳಗೆ ನೀರು ನಿಲ್ಲಬೇಕು. ಅಲ್ಲಿಯವರೆಗೆ ನೆಲ್ಲಿಗೂ ಕಳೆಗೂ ಒಂದೇ ಹಸಿ, ಒಂದೇ ಬಿಸಿಲು. ನಾಟಿ ಮಾಡಿದ ಗದ್ದೆಯಲ್ಲಿ ನೀರೇ ಅರ್ಧ ಕಳೆಯನ್ನು ಕೊಲ್ಲುತ್ತದೆ. ನಮ್ಮಲ್ಲಿ ಆ ಕೆಲಸ ಕೈಯದು.

ಹೊಲವನ್ನು ಕೋರಿಗೆ, ಅಂದರೆ ಅರ್ಧ ಪಾಲಿಗೆ, ಮಾಡುತ್ತಿದ್ದವರು ಗಂಡಹೆಂಡತಿ ಇಬ್ಬರು. ಗಂಡ ಮಾತು ಕಡಿಮೆಯ ಮನುಷ್ಯ, ಎತ್ತಿನ ಜೊತೆ ಮಾತ್ರ ಮಾತಾಡುತ್ತಿದ್ದ. ಹೆಂಡತಿ ಕಳೆಗುಂಪಿನ ಮುಂದಾಳು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು, ನಾನು ಅಕ್ಕಾ ಅಂತಲೇ ಕರೆಯುತ್ತಿದ್ದೆ. ಅವರ ಹಿರಿಯರ ಕಾಲದಿಂದ ಆ ಹೊಲ ಅವರ ಕೈಯಲ್ಲಿತ್ತು.

ಹೊಲದ ರೋಗ ಕಾಡುನೆಲ್ಲು. ಮೊಳೆತಾಗ, ತೆಂಡೆ ಒಡೆದು ಕವಲಾದಾಗ ಎಲ್ಲಾ ನೆಲ್ಲಿನ ಹಾಗೇ ಇರುತ್ತದೆ. ತೆನೆ ಬಂದಾಗಲೇ ಗೊತ್ತಾಗುವುದು: ಕಾಳಿಗೆ ಉದ್ದನೆಯ ಮೀಸೆ. ಮಾಗುವ ಮೊದಲೇ, ಗಾಳಿ ಸೋಕಿದರೆ ಸಾಕು, ಕಾಳೆಲ್ಲ ನೆಲಕ್ಕೆ. ಎರೆಮಣ್ಣಿನ ಬಿರುಕಿಗೆ ಬಿದ್ದು ಮುಂದಿನ ಮಳೆಗೆ ಕಾಯುತ್ತದೆ. ಸಾಲಿನ ನಡುವೆ ಬಂದದ್ದನ್ನು ಎಡೆಕುಂಟೆ ಹೊಡೆದು ತೆಗೆಯಬಹುದು. ಸಾಲಿನೊಳಗೇ ನೆಲ್ಲನ್ನು ತಬ್ಬಿಕೊಂಡು ಬಂದದ್ದನ್ನು ಹೇಗೆ ಗುರುತಿಸುವುದು?

"ಇದು ನೆಲ್ಲಿನ ಮಲತಮ್ಮ ನೋಡ್ರಿ ಅವ್ವಾರ," ಅಂತ ಅಕ್ಕ ಹೇಳಿದ್ದಳು. "ಉಣ್ಣೂ ಮಟಾ ಮನಿ ಮಗನಂಗ ಇರ್ತಾನ. ರಾಶಿ ಮಾಡೂ ಹೊತ್ತಿಗೆ ಆಸಾಮಿ ಪರಾರಿ."

ವರ್ಷದಿಂದ ವರ್ಷಕ್ಕೆ ರಾಶಿ ಕುಗ್ಗುತ್ತಾ ಹುಲ್ಲಿನ ಬಣವೆ ಮಾತ್ರ ದೊಡ್ಡದಾಗುತ್ತಿತ್ತು. ಇತ್ತ ಸಂಡೂರಿನ ಮ್ಯಾಂಗನೀಸ್ ಅದಿರನ್ನು ಬಂಡಿಗಳಲ್ಲಿ ತಂದು ರೈಲಿಗೆ ತುಂಬುವ ಕಂಟ್ರಾಕ್ಟರನೊಬ್ಬ ಅದಿರು ಒಟ್ಟಲು ಜಾಗ ಹುಡುಕುತ್ತಿದ್ದ. ನಮ್ಮ ಹೊಲಕ್ಕೂ ರೈಲುಹಳಿಗೂ ಒಂದು ಕೂಗಿನ ದೂರ. ಮಾವನವರು ಗಂಡಹೆಂಡತಿ ಇಬ್ಬರನ್ನೂ ಕಟ್ಟೆಯ ಕೆಳಗೆ ಕೂರಿಸಿಕೊಂಡು ಹೇಳಿದರು: "ನೋಡ್ರಪಾ, ನನಗೂ ಮನಸಿಲ್ಲ. ಹೊಲ ಹಸನಾದ್ರ ನಿಮ್ಮ ಕೈಯಾಗ ಇರ್ತೈತಿ. ಹಸನಾಗಲಿಲ್ಲ ಅಂದ್ರ ಕಲ್ಲು ಒಟ್ಟಾಕ ಕೊಡತೀನಿ. ಹುಲ್ಲು ಬೆಳಿಯಾಕ ನೆಲ ಯಾಕ ಬೇಕು?"

ಗಂಡ ತಲೆ ಬಗ್ಗಿಸಿದ. ಅಕ್ಕ ನನ್ನ ಮುಖ ನೋಡಿದಳು.

ನಾನು ವ್ಯವಸಾಯ ಇಲಾಖೆಯ ಡೆಮಾನ್‌ಸ್ಟ್ರೇಟರಿಗೆ ಹೇಳಿ ಕಳಿಸಿದೆ. ಮಂಗಳೂರು ಕಡೆಯ ತೆಳ್ಳನೆಯ ಯುವಕ, ಸೈಕಲ್ ಮೇಲೆ ಬಂದರು, ಸೋಲಾ ಹ್ಯಾಟ್ ಹಾಕಿಕೊಂಡು. ಕಳೆಗುಂಪಿನ ಹೆಂಗಸರು ಆ ಹ್ಯಾಟನ್ನು ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಡೆಮಾನ್‌ಸ್ಟ್ರೇಟರು ಜೇಬಿನಿಂದ ಒಂದು ಪೊಟ್ಟಣ ಭತ್ತ ತೆಗೆದು ನನ್ನ ಅಂಗೈಗೆ ಹಾಕಿದರು.

"ಇದರ ಎಲೆ ಪರ್ಪಲ್ ಅಮ್ಮ. ಮೊಳಕೆಯಿಂದಲೇ ಪರ್ಪಲ್. ಇದನ್ನು ಬಿತ್ತಿ. ಹಸಿರು ಕಂಡದ್ದೆಲ್ಲ ಕಾಡುನೆಲ್ಲು. ಕಣ್ಣು ಮುಚ್ಚಿಕೊಂಡು ಕೀಳಬಹುದು."

"ಕಣ್ಣು ಮುಚ್ಚಿದ್ರ ಬಣ್ಣ ಹ್ಯಾಂಗ ಕಾಣ್ತೈತ್ರೀ ಸಾಹೇಬ್ರ?" ಅಂದಳು ಅಕ್ಕ. ಗುಂಪಿಗೆ ಗುಂಪೇ ಹೋ ಅಂತು. ಪಾಪ, ಅವರ ಕಿವಿ ಕೆಂಪಾದವು.

ಆ ವರ್ಷ ಆರಿದ್ರಾ ಹದವಾಗಿ ಬಿತ್ತು. ಬಿತ್ತಿದ ಮೇಲೆ ನಾನು ಸವಾರಿ ಬಂಡಿ ಕಟ್ಟಿಸಿಕೊಂಡು ನೋಡಲು ಹೋದೆ. ಕಪ್ಪು ಮಣ್ಣಿನ ಮೇಲೆ ಬದನೆಕಾಯಿ ಬಣ್ಣದ ಗೆರೆಗಳು, ಗೆರೆಗಳ ನಡುವೆ ಅಲ್ಲಲ್ಲಿ ಕಳ್ಳರ ಹಾಗೆ ಹಸಿರು. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಹೆಂಗಸರು ಅದಕ್ಕೆ ಬದನಿ ನೆಲ್ಲು ಅಂತ ಹೆಸರಿಟ್ಟರು.

"ಸಿಕ್ಕಿಬಿದ್ದಿ ನೋಡ್ ಮಗನ!" ಅಂತ ಅಕ್ಕ ಮೊದಲ ಹಸಿರು ಗಿಡವನ್ನು ಕಿತ್ತಳು. ಪಚಕ್. ಹಿಮ್ಮಡಿಗೆ ಬಡಿದಳು. ಛಟ್. ಸಾಲು ಮುಂದೆ ಸರಿಯಿತು.

ಕೀಳುವುದಕ್ಕೂ ಒಂದು ಕ್ರಮವಿತ್ತು. ಮಣ್ಣು ಮೆತ್ತಗಿರುವ ದಿನವೇ ಕೀಳಬೇಕು. ಒಣಗಿದ್ದರೆ ಗಿಡ ತುಂಡಾಗಿ ಬುಡ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಕಿತ್ತದ್ದನ್ನು ಸಾಲಿನಲ್ಲೇ ಬಿಡಬಾರದು, ಸಂಜೆ ಮಳೆ ಬಂದರೆ ಬೇರು ಬಿಡುತ್ತದೆ. ಉಡಿಯಲ್ಲಿ ತುಂಬಿಕೊಂಡು ಒಡ್ಡಿನ ಆಚೆ ಹಾಕಬೇಕು. ಗೊಬ್ಬರ ಮಾತ್ರ ಬೇಡ ಅಂತ ನಾವೆಲ್ಲ ಸೇರಿ ತೀರ್ಮಾನಿಸಿದ್ದೆವು. ಕಳೆ ಇರುವ ಹೊಲಕ್ಕೆ ಗೊಬ್ಬರ ಹಾಕಿದರೆ ಮೊದಲು ಉಣ್ಣುವುದು ಕಳೆ. "ಕಳ್ಳಗ ಎಲಿ ಹಾಕಿ, ತುಪ್ಪ ಬಡಿಸಿದಂಗ ಆಕೈತ್ರಿ," ಅಂತ ಅಕ್ಕ ಹೇಳಿದ್ದಕ್ಕೆ ಡೆಮಾನ್‌ಸ್ಟ್ರೇಟರೂ ತಲೆಯಾಡಿಸಿದರು.

ಉತ್ತರೆ ಮಳೆಗೆ ಒಡ್ಡು ತುಂಬಿತು. ಮೊಣಕಾಲು ಮಟ್ಟದ ನೀರು ನಿಂತ ಕೆಳಗಿನ ಮೂಲೆಯಲ್ಲಿ ಕೆಲವು ಹಸಿರು ಗಿಡಗಳು ಕಣ್ಣು ತಪ್ಪಿಸಿ ಉಳಿದವು.

ಸೀಗೆ ಹುಣ್ಣಿಮೆ ಬಂತು. ನಮ್ಮ ಸೀಮೆಯಲ್ಲಿ ಆ ಹೊತ್ತಿಗೆ ಭೂಮಿತಾಯಿ ಬಸುರಿ. ಹೊಲಕ್ಕೆ ಉಡಿ ತುಂಬಿ, ಕಡುಬು, ರೊಟ್ಟಿ, ಪುಂಡಿಪಲ್ಯ ಎಲ್ಲಾ ಕಲಸಿ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ, ಬಸುರಿಯ ಬಯಕೆ ತೀರಿಸಿದ ಹಾಗೆ. ನಾನೂ ಆಗ ಬಸುರಿ, ದಿನ ತುಂಬುತ್ತಾ ಬಂದಿತ್ತು. ಒಡ್ಡಿನ ಮೇಲೆ ಕಂಬಳಿ ಹಾಸಿ ನನ್ನನ್ನು ಕೂರಿಸಿದ್ದರು. ಕೂತಲ್ಲಿಂದಲೇ ಕಂಡವು: ಕೆಳಗಿನ ಮೂಲೆಯಲ್ಲಿ ಹಸಿರು ಗಿಡಗಳು, ಮೀಸೆ ಬಿಟ್ಟ ತೆನೆ.

"ಅಕ್ಕಾ, ಅಲ್ಲಿ ಹಸಿರು ಉಳಿದಾವಲ್ಲ."

"ನೋಡೀನ್ರಿ."

"ಕೀಳಬೇಕಲ್ಲಾ ಮತ್ತೆ?"

ಅಕ್ಕ ನನ್ನ ಹೊಟ್ಟೆ ನೋಡಿದಳು, ಆಮೇಲೆ ಮುಖ. "ತೆನಿ ಬಿಟ್ಟಾವ್ರಿ ಅವ್ವಾರ. ಹಾಲು ತುಂಬಾಕ ಹತ್ತೈತಿ. ಕಳಿ ಆದ್ರೇನು, ಬಸುರಿ ಬಸುರಿನs. ಉಡಿ ತುಂಬಿದ ದಿನಾನ ಆಕಿ ಹೊಟ್ಟಿಗೆ ಕೈ ಹಾಕಬೇಕಾ? ಅದೂ ನಿಮ್ಮನ್ನ ಇಲ್ಲಿ ಕುಂದ್ರಿಸಿ?"

ಯಾವ ಹೆಂಗಸೂ ಕೀಳುತ್ತಿರಲಿಲ್ಲ. ತೆನೆ ಹೊತ್ತ ಗಿಡವನ್ನು ಕೀಳುವುದು ಅಲ್ಲಿ ಯಾರಿಗೂ ರೂಢಿಯಿಲ್ಲ. ಮೊಳಕೆಯನ್ನು ಕೀಳಬಹುದು, ಮಾಗಿದ್ದನ್ನು ಕೊಯ್ಯಬಹುದು, ನಡುವಿನದಕ್ಕೆ ಕೈ ಹಚ್ಚಬಾರದು. ಆ ಹೊತ್ತಿಗೆ ಒಳಗೆ ಕೂಸು ಒದೆಯಿತು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಡೆಮಾನ್‌ಸ್ಟ್ರೇಟರಿಗೆ ಹೇಳಿದಾಗ ಅವರೂ ಹಗುರವಾಗಿ, "ಅದು ನೆಗ್ಲಿಜಿಬಲ್ ಅಮ್ಮ. ಉದುರಿದರೆ ಉದುರಲಿ. ಬರುವ ವರ್ಷ ಹಸಿರಾಗಿಯೇ ಮೊಳೆಯುತ್ತವಲ್ಲ, ಆಗ ಕಿತ್ತರಾಯಿತು" ಅಂದರು. ಎಷ್ಟು ಲಾಜಿಕಲ್ ಆಗಿತ್ತು! ಅಲ್ಲಿದ್ದ ಯಾರಿಗೂ ಅದರಲ್ಲಿ ತೂತು ಕಾಣಲಿಲ್ಲ.

ಎರಡನೆಯ ವರ್ಷವೂ ಬದನಿ ನೆಲ್ಲನ್ನೇ ಬಿತ್ತಿದೆವು. ಹಸಿರು ಅರ್ಧಕ್ಕರ್ಧ ಇಳಿದಿತ್ತು. ನಾನು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಒಡ್ಡಿನ ಮೇಲೆ ಓಡಾಡುತ್ತಿದ್ದೆ, ಹೆಂಗಸರು ಕೆಸರು ಕೈಯಲ್ಲೇ ಅವಳ ಕೆನ್ನೆ ಹಿಂಡುತ್ತಿದ್ದರು. ಆ ಸಲವೂ ಸೀಗೆ ಹುಣ್ಣಿಮೆಗೆ ತೆನೆ ಬಿಟ್ಟ ಹಸಿರು ಕೆಲವು ಉಳಿದವು, ಆ ಸಲವೂ ಬಿಟ್ಟೆವು. ಸುಗ್ಗಿಯಲ್ಲಿ ರಾಶಿ ಹಿಂದೆಂದಿಗಿಂತ ದೊಡ್ಡದಾಯಿತು. ಮಾವನವರು ಕಣದಲ್ಲಿ ಕೂತು ಒಂದು ಹಿಡಿ ಕಾಳು ತೆಗೆದುಕೊಂಡು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು.

"ಇನ್ನೊಂದು ವರ್ಷ ಹಿಂಗs ಬರ್ಲಿ," ಅಂದರು. "ಆ ಕಲ್ಲಿನ ಕಂಟ್ರಾಕ್ಟರಗ ನಮ್ಮ ಓಣ್ಯಾಗ ಕಾಲಿಡಬ್ಯಾಡ ಅಂತ ಹೇಳಿಬಿಡತೀನಿ."

ಅಕ್ಕನ ಗಂಡ ಎತ್ತುಗಳ ಕಡೆ ತಿರುಗಿ, "ಕೇಳಿದ್ರೇನಲೇ?" ಅಂದ. ಆತ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೂರನೆಯ ವರ್ಷಕ್ಕೆ ನಾವು ಮಣ್ಣಿಗೆ ಕೈ ಹಚ್ಚಿದೆವು. ಹೊಲ ಹಸನಾಗಿದೆ, ಇನ್ನು ಅದಕ್ಕೆ ಉಣಿಸೋಣ ಅನ್ನುವ ಲೆಕ್ಕ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳು ಅಗೆದು ಬಂಡಿಯಲ್ಲಿ ಹೇರಿ ತಂದು ಹರವಿದರು. ಕುರುಬರಿಗೆ ಹೇಳಿ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದೆವು, ಇವತ್ತು ಇಲ್ಲಿ, ನಾಳೆ ಪಕ್ಕಕ್ಕೆ, ಹೀಗೆ ಹೊಲವೆಲ್ಲ ಸುತ್ತಿಸಿ. ಮಳೆ ಶುರುವಾಗುವ ಮುಂಚೆ ಹೊಂಗೆ ಸೊಪ್ಪು ಕಡಿದು ತಂದು ಮಣ್ಣಿಗೆ ಮುಚ್ಚಿದೆವು. ಹಿಂಡಿ ಕುಟ್ಟಿ ಪುಡಿ ಮಾಡಿ ಕೂರಿಗೆಯ ಸಾಲಿಗೆ ಬಿಟ್ಟೆವು. ಇಷ್ಟೂ ಸಾಲದು ಅಂತ ಡೆಮಾನ್‌ಸ್ಟ್ರೇಟರು ಅಮೋನಿಯಂ ಸಲ್ಫೇಟಿನ ಒಂದು ಮೂಟೆ ತರಿಸಿಕೊಟ್ಟರು. ಅದನ್ನು ನೋಡಲು ಊರೇ ಬಂತು. ಒಬ್ಬಾಕೆ ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡು ಥೂ ಅಂತ ಉಗಿದಳು.

"ಉಪ್ಪು ತಿಂದ್ರ ನೆಲಕ್ಕ ನೀರಡಿಕಿ ಆಕೈತಿ," ಅಂತ ಅಕ್ಕನ ಗಂಡ ಗೊಣಗಿದ.

"ನಿನಗ ಹೆಂಡಾ ಕುಡುದ್ರೂ ನೀರಡಿಕಿ ಆಕೈತಿ, ಬಿಟ್ಟೀಯೇನು? ಸುಮ್ನ ಚೆಲ್ಲು," ಅಂದಳು ಅಕ್ಕ.

ಆ ಸಲ್ಫೇಟನ್ನು ಒಣಮಣ್ಣಿನ ಜೊತೆ ಬೆರೆಸಿ, ಒಡ್ಡಿನ ನೀರು ತೆಳ್ಳಗಾದ ದಿನ ನೋಡಿ ಎರಚಿದರು. ಮುಂದಿನ ವಾರಕ್ಕೆಲ್ಲ ಬೆಳೆ ಕಪ್ಪಿಟ್ಟ ಬದನೆ ಬಣ್ಣಕ್ಕೆ ತಿರುಗಿ ತೊಡೆ ಮಟ್ಟ ಬಂತು. ಹಸಿರು ಅನ್ನುವುದು ಹುಡುಕಿದರೂ ಇಲ್ಲ. ಕಳೆಗೆ ಬಂದ ಹೆಂಗಸರು ಕೈ ಬೀಸಿಕೊಂಡು ಓಡಾಡಿ, "ಕೂಲಿ ಪುಕ್ಕಟೆ ಬಂತವ್ವಾ ಇವತ್ತ" ಅಂತ ನಕ್ಕರು. ನನಗೆ ಆ ಹೊಲ ನೋಡುವಾಗ ಕಾನ್ವೆಂಟಿನ ಲೆಂಟ್ ದಿನಗಳು ನೆನಪಾಗುತ್ತಿದ್ದವು. ಈಸ್ಟರಿಗೆ ಮುಂಚೆ ಚಾಪೆಲ್ಲಿನ ವಿಗ್ರಹಗಳಿಗೆಲ್ಲ ಪರ್ಪಲ್ ಬಟ್ಟೆ ಮುಚ್ಚಿಬಿಡುತ್ತಿದ್ದರು. ಒಳಗೆ ಯಾವ ಸಂತರಿದ್ದಾರೆ ಅಂತ ನಾವು ಹುಡುಗಿಯರು ಆಕಾರ ನೋಡಿ ಊಹಿಸಬೇಕಿತ್ತು. ಅದೊಂದು ಚಂದದ ನೆನಪಾಗಿ ಬಂತು, ಅಷ್ಟೇ. ಎಚ್ಚರಿಕೆಯಾಗಿ ಬರಲಿಲ್ಲ.

ಹಸ್ತ ಮಳೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಅಕ್ಕ ಹೊಸಪೇಟೆಯ ಮನೆಗೇ ನಡೆದುಕೊಂಡು ಬಂದಳು. ನೀರು ಕೊಟ್ಟರೂ ಕುಡಿಯಲಿಲ್ಲ. "ಅವ್ವಾರ, ಜಲ್ದಿ ಬರ್ರಿ" ಅಂದಳು, ಅಷ್ಟೇ. ಬಂಡಿ ಕಟ್ಟಿಸಿಕೊಂಡು ಇಬ್ಬರೂ ಹೋದೆವು. ಹೊಲದ ಕೆಳಗಿನ ಮೂಲೆಯಲ್ಲಿ ಆಕೆ ಒಂದು ಗಿಡದ ಮುಂದೆ ನಿಂತಳು. ಕಾಂಡ ಬದನೆ ಬಣ್ಣ. ಎಲೆ ಬದನೆ ಬಣ್ಣ. ಅದರ ತೆನೆಗೆ ಉದ್ದನೆಯ ಮೀಸೆ. ಎರಡು ಬೆರಳಲ್ಲಿ ಮೆಲ್ಲಗೆ ಸವರಿದಳು. ಮೊದಲು ಮಾಗಿದ ತುದಿಯ ಕಾಳುಗಳು ಆಕೆಯ ಅಂಗೈಗೆ ಉದುರಿದವು.

"ಬಣ್ಣಾ ಹಚ್ಕೊಂಡು ಬಂದೈತ್ರಿ," ಅಂದಳು.

ಪಕ್ಕದ್ದು ನೋಡಿದೆ. ಅದರ ಪಕ್ಕದ್ದು. ಸೀರೆ ಎತ್ತಿಕಟ್ಟಿ ನೀರಿಗೆ ಇಳಿದೆ. ಒಳಗೆ ಹೋದ ಹಾಗೆಲ್ಲ ಮೀಸೆ. ಆ ಕಪ್ಪು ಬದನೆ ಬಣ್ಣದ ಸಂಪತ್ತೆಲ್ಲ, ಕೆರೆಯ ಹೂಳು, ಕುರಿಗೊಬ್ಬರ, ಹಿಂಡಿ, ಸಲ್ಫೇಟ್ ಎಲ್ಲಾ ಉಂಡು ಬೆಳೆದದ್ದರಲ್ಲಿ ನೆಲ್ಲೆಷ್ಟು, ಕಾಡುನೆಲ್ಲೆಷ್ಟು ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಡೆಮಾನ್‌ಸ್ಟ್ರೇಟರು ಬಂದು ನೋಡಿದರು. ಹ್ಯಾಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಕ್ರಾಸ್ ಆಗಿದೆ ಅಮ್ಮ. ನಾವು ಬಿಟ್ಟ ಹಸಿರು ತೆನೆಗಳಿಗೆ ನಮ್ಮ ಬೆಳೆಯ ಪರಾಗವೇ ಗಾಳಿಯಲ್ಲಿ ಹೋಗಿ ಕೂತಿದೆ. ಅವುಗಳ ಮಕ್ಕಳು ಪರ್ಪಲ್ ಆಗಿ ಹುಟ್ಟಿವೆ. ನಾವು ಹಸಿರನ್ನೆಲ್ಲ ಕಿತ್ತೆವು. ಈ ಬಣ್ಣದವನ್ನು ಮಾತ್ರ ಆರಿಸಿ ಉಳಿಸಿದ ಹಾಗಾಯಿತು." ನಮ್ಮ ಕಾನ್ವೆಂಟಿನ ಸಿಸ್ಟರ್ ಬಾಟನಿ ಪಾಠದಲ್ಲಿ ಪಾಲಿನೇಷನ್ ಬಂದಾಗಲೆಲ್ಲ ಕೆನ್ನೆ ಕೆಂಪು ಮಾಡಿಕೊಂಡು ಎರಡು ಪುಟ ಹಾರಿಸುತ್ತಿದ್ದರು. ನಗು ಬರಬೇಕಾದ ವಿಷಯ. ಬರಲಿಲ್ಲ.

ಸೀಗೆ ಹುಣ್ಣಿಮೆಗೆ ಇನ್ನೂ ಕೆಲವು ದಿನ ಇದ್ದವು. ಕಾಡುನೆಲ್ಲು ಪೂರ್ತಿ ಮಾಗಿ ಉದುರುವ ಮುಂಚೆ ಇಡೀ ಬೆಳೆಯನ್ನೇ ಹಸಿಯಾಗಿ ಕೊಯ್ದು ಹಾಕುವುದೊಂದೇ ದಾರಿ. ನೆಲ್ಲೂ ಹೋಗುತ್ತದೆ, ಆದರೆ ನೆಲಕ್ಕೆ ಬೀಜ ಬೀಳುವುದಿಲ್ಲ. ಅದನ್ನು ಹೇಗೆ ಹೇಳುವುದು ಅಂತ ನಾನು ತಡವರಿಸುತ್ತಿದ್ದೆ. ಅಕ್ಕನೇ ಹೇಳಿದಳು.

"ಕೊಯ್ದು ಬಿಡೂಣ್ರಿ. ಎಲ್ಲಾನೂ."

ಗಂಡ ಎದ್ದು ನಿಂತ. "ಲೇ, ತಲಿ ಕೆಟ್ಟೈತೇನು ನಿಂದು? ಹಾಲುಗಾಳಿನ ಬೆಳಿಗೆ ಕುಡುಗೋಲು ಹಚ್ತಾರಾ? ಉಡಿ ತುಂಬೂ ಹೊಲಾ ಅದು! ಸಿಕ್ಕಷ್ಟು ಸಿಗಲಿ, ಕಾಯೂಣು."

"ಎರಡು ವರ್ಷ ಕಾದ್ವೆಲ್ಲಾ, ಸಿಕ್ಕಿದ್ದು ಇದು. ಹೊಲಾ ಇದ್ರ ಮುಂದಿನ ವರ್ಷ ಉಡಿ ತುಂಬತೀನಿ. ಹೊಲಾನ ಹೋದ್ರ ಯಾರ ಉಡಿ ತುಂಬಲಿ, ನಿನ್ನ ಎತ್ತಿಂದಾ?"

"ಪಾಪ ಹತ್ತತೈತಿ."

"ನನಗ ಹತ್ಲಿ. ನಿನ್ನ ಪಾಲಿಗೆ ಬರಾಂಗಿಲ್ಲ, ಹೋಗು."

ಕಳೆಗುಂಪಿನ ಹೆಂಗಸರು ಯಾರೂ ಹೊಲದೊಳಗೆ ಇಳಿಯಲಿಲ್ಲ. ಸಾಲಾಗಿ ಒಡ್ಡಿನ ಮೇಲೆ ಕೂತರು. ಅಕ್ಕ ಮೊದಲು ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕುಡುಗೋಲು ಹಾಕಿದಳು. ನಾನೂ ಒಂದು ಕುಡುಗೋಲು ಕೇಳಿದೆ. ಆಕೆ ಬೇಡ ಅನ್ನಲಿಲ್ಲ. ಎಂಬ್ರಾಯ್ಡರಿ ಮಾಡುವ ಕೈ ಅದು, ನೆಲ್ಲಿನ ಎಲೆಯ ಅಂಚಿಗೇ ಸಿಗಿದು ಹೋಯಿತು. ಹಾಲು ತುಂಬಿದ ತೆನೆ ಕೊಯ್ದರೆ ಸದ್ದೇ ಇರುವುದಿಲ್ಲ. ಮಾಗಿದ ಬೆಳೆಯ ಹಾಗೆ ಚರಚರ ಅನ್ನುವುದಿಲ್ಲ. ಹಸಿಯಾಗಿ, ಮೆತ್ತಗೆ ಮಲಗಿಬಿಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಒಡ್ಡಿನ ಮೇಲಿದ್ದ ಹೆಂಗಸರು, ನಾವು ಎಸೆದದ್ದನ್ನು ಎಳೆದುಕೊಂಡು ಸಿವುಡು ಕಟ್ಟಲು ಶುರುಮಾಡಿದರು. ಒಳಗೆ ಕಾಲಿಡಲಿಲ್ಲ, ಆದರೆ ಹೊರಗೆ ಬಂದದ್ದನ್ನು ಕಟ್ಟಿದರು. ಮಾರನೆಯ ದಿನ ಅಕ್ಕನ ಗಂಡನೂ ಬಂದು, ಯಾರ ಮುಖವನ್ನೂ ನೋಡದೆ, ಹೆಂಡತಿಯ ಪಕ್ಕದ ಸಾಲು ಹಿಡಿದ.

ಆ ಹಸಿ ಮೇವನ್ನು ಕೊನೆಗೆ ಒಯ್ದವರು ಯಾರು ಗೊತ್ತೇ? ಅದಿರಿನ ಬಂಡಿಯವರು, ತಮ್ಮ ಎತ್ತುಗಳಿಗೆ.

ಅಷ್ಟಾದರೂ ಕೆಲಸ ಪೂರಾ ಆಗಲಿಲ್ಲ. ಚಿತ್ತೆ ಮಳೆ ಗಾಳಿಯ ಜೊತೆ ಹೊಡೆದು, ಕೊಯ್ಯದೆ ಉಳಿದ ಕೆಳಗಿನ ಭಾಗವನ್ನೆಲ್ಲ ನೀರಿಗೆ ಮಲಗಿಸಿತು. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಮೀಸೆಯ ತೆನೆಗಳು ಖಾಲಿ. ಆ ಸೀಗೆ ಹುಣ್ಣಿಮೆಗೆ ಅಕ್ಕ ಬರೀ ಕೂಳೆಯ ಹೊಲಕ್ಕೆ ಚರಗ ಚೆಲ್ಲಿದಳಂತೆ. ನಾನು ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

ಮಾವನವರಿಗೆ ಎಲ್ಲಾ ಹೇಳಿದ್ದೆ. ಅವರು ದೊಡ್ಡ ಮನಸ್ಸಿನವರು. "ಇನ್ನೊಂದು ಮಳೆ ನೋಡೂಣು" ಅಂದರು. ಡೆಮಾನ್‌ಸ್ಟ್ರೇಟರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹೋಗುವ ಮುಂಚೆ ಅವರು ಒಂದು ಕ್ರಮ ಹೇಳಿದ್ದರು: ಬಿತ್ತಬೇಡಿ. ಮೊದಲ ಮಳೆಗೆ ಮೊಳೆತದ್ದನ್ನು ಕುಂಟೆ ಹೊಡೆದು ಕೊಲ್ಲಿ. ಮತ್ತೆ ಮೊಳೆತರೆ ಮತ್ತೆ ಕುಂಟೆ. ಮಣ್ಣಿನಲ್ಲಿರುವುದೆಲ್ಲ ಮುಗಿದ ಮೇಲೆ, ತಡವಾದರೂ ಸರಿ, ಆಗ ಬಿತ್ತಿ.

ಮಿರಗಾ, ಅಂದರೆ ಮೃಗಶಿರಾ ಮಳೆಗೆ ಮೊಳೆಯಿತು. ಕುಂಟೆ ಹೊಡೆದೆವು. ಆರಿದ್ರಾಕ್ಕೆ ಮತ್ತೆ ಮೊಳೆಯಿತು, ಮತ್ತೆ ಹೊಡೆದೆವು. ಆಮೇಲೆ ಮಳೆ ಬಿಡಲೇ ಇಲ್ಲ. ನೆನೆದ ಎರೆಮಣ್ಣಿಗೆ ಎತ್ತು ಇಳಿಸಿದರೆ ಕಾಲು ಹೂತುಕೊಳ್ಳುತ್ತವೆ, ಕುಂಟೆಗೆ ಮುದ್ದೆಮುದ್ದೆ ಅಂಟುತ್ತದೆ. ಕೈಕಟ್ಟಿ ನೋಡುತ್ತಾ ನಿಂತೆವು. ಮೂರನೆಯ ಸಲ ಮೊಳೆತದ್ದು ಮೊದಲೆರಡಕ್ಕಿಂತ ದಟ್ಟವಾಗಿತ್ತು.

ಮಳೆ ಹೊಳವಾದ ಒಂದು ದಿನ ಮಾವನವರು ತಾವೇ ಬಂಡಿ ಕಟ್ಟಿಸಿಕೊಂಡು ಬಂದರು. ನಾನು ಕೈ ಹಿಡಿದು ಒಡ್ಡಿನ ಮೇಲೆ ಕರೆದುಕೊಂಡು ಬಂದೆ. ಅವರು ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದರು. ಅವರ ಪೊರೆ ಬಂದ ಕಣ್ಣಿಗೆ ಕಂಡದ್ದು ಆ ತುದಿಯಿಂದ ಈ ತುದಿಯವರೆಗೆ ಬದನೆಕಾಯಿ ಬಣ್ಣ. ಮುಖ ಅರಳಿತು.

"ಎಂಥಾ ಚಂದ ಮೊಳತೈತಲೋ!" ಅಂದರು. "ಒಂದು ಕಡಿ ಖಾಲಿ ಬಿದ್ದಿಲ್ಲ. ಯಾವಾಗ ಬಿತ್ತಿದ್ರಿ?"

ಅಕ್ಕನ ಗಂಡ ಎತ್ತಿನ ಕೊರಳಿನ ಹಗ್ಗ ಸರಿಮಾಡುತ್ತಾ ನಿಂತ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಯಾಕಲೇ, ಬಾಯಿಲ್ಲೇನು ನಿಮಗ? ಯಾವಾಗ ಬಿತ್ತಿದ್ರಿ ಅಂದೆ."

ನಾನೇ ಹೇಳಬೇಕಾಯಿತು. "ಬಿತ್ತಿಲ್ಲ ಮಾವಾ."

"ಆಂ?"

"ಯಾರೂ ಬಿತ್ತಿಲ್ಲ. ತಾನಾಗೇ ಬಂದದ್ದು."

ಅವರು ಕೈ ಇಳಿಸಲಿಲ್ಲ. ಹಾಗೇ ಹುಬ್ಬಿಗೆ ಅಡ್ಡ ಹಿಡಿದು, ಬಹಳ ಹೊತ್ತು ಆ ಬಣ್ಣವನ್ನೇ ನೋಡುತ್ತಾ ನಿಂತರು. ಆಮೇಲೆ ಅಕ್ಕನ ಕಡೆ ತಿರುಗಿ, "ಒಂದೀಟು ನೀರು ಕೊಡವಾ" ಅಂದರು. ಆಕೆ ಕೊಡ ಬಗ್ಗಿಸಿದಳು, ಅವರು ಬೊಗಸೆಯಲ್ಲಿ ಕುಡಿದರು. ಬಂಡಿ ಹತ್ತುವಾಗ ನನಗಷ್ಟೇ ಕೇಳುವ ಹಾಗೆ, "ಕಂಟ್ರಾಕ್ಟರಗ ಹೇಳಿ ಕಳಸು" ಅಂದರು.

ಹೊಲ ಬಿಡಿಸಿಕೊಂಡ ಮೇಲೆ ಅಕ್ಕನ ಗಂಡ ಕೂರಿಗೆ, ಕುಂಟೆ ಎಲ್ಲಾ ಸೂರಿಗೆ ಸಿಕ್ಕಿಸಿ, ಅದೇ ಎತ್ತುಗಳನ್ನು ಅದಿರಿನ ಬಂಡಿಗೆ ಹೂಡಿದ. ಆತನ ವಿಷಯ ಆಮೇಲೆ ನನಗೆ ಹೆಚ್ಚು ಗೊತ್ತಿಲ್ಲ.

ಮುಂದಿನ ವರ್ಷ ನಮ್ಮ ಮನೆಯವರಿಗೆ ಕಡಪಾ ಕಡೆ ವರ್ಗವಾಯಿತು. ಹೊಸಪೇಟೆ ಬಿಡುವ ಮುಂಚೆ ಒಂದು ಸಲ ನೋಡಿ ಬರೋಣ ಅಂತ ಮಗಳ ಕೈ ಹಿಡಿದುಕೊಂಡು ಗಾದಿ‌ಗನೂರಿಗೆ ಹೋದೆ. ಉತ್ತರೆ ಮಳೆ ಆಗಷ್ಟೇ ಮುಗಿದಿತ್ತು. ಒಡ್ಡುಗಳನ್ನು ಕಡಿದು ಬಂಡಿದಾರಿ ಮಾಡಿದ್ದರು. ನೆಲ್ಲು ನಿಲ್ಲುತ್ತಿದ್ದ ಕಡೆ ಅದಿರಿನ ರಾಶಿಗಳು, ಒಂದರ ಪಕ್ಕ ಒಂದು. ಹೆಂಗಸರು ಸಾಲಾಗಿ ಬಗ್ಗಿ ಕಲ್ಲು ಆರಿಸುತ್ತಿದ್ದರು. ಕಪ್ಪಾಗಿ ಭಾರವಾಗಿರುವುದು ಬುಟ್ಟಿಗೆ, ಕೆಂಪು ಮಣ್ಣುಕಲ್ಲು ಆಚೆಗೆ. ಟಣ್, ಟಣ್ ಅಂತ ಕಲ್ಲಿಗೆ ಕಲ್ಲು ಬೀಳುತ್ತಿತ್ತು.

ಅಕ್ಕನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮೊಣಕೈವರೆಗೆ ಕಪ್ಪು, ಹಣೆಯ ಮೇಲೆ ಕೆಂಪು ಧೂಳು. ನನ್ನನ್ನು ನೋಡಿ ಎದ್ದು ಬಂದಳು. ಮಗಳ ಕೆನ್ನೆ ಹಿಂಡಲು ಕೈ ಚಾಚಿ, ತನ್ನ ಬೆರಳು ನೋಡಿಕೊಂಡು, ಹಿಂದಕ್ಕೆ ತೆಗೆದುಕೊಂಡಳು.

"ಹೆಂಗದೀರ್ರಿ ಅವ್ವಾರ? ಭಾಳ ಸೊರಗೀರಿ."

"ನೀ ಹೇಗಿದ್ದೀ ಅಕ್ಕಾ? ಕೆಲಸ ಕಷ್ಟ ಇರಬೇಕಲ್ಲ."

"ಕಷ್ಟೇನಿಲ್ರಿ. ಅದs ಕೆಲಸ. ಬಗ್ಗೂದು, ಬಣ್ಣಾ ನೋಡೂದು, ಬ್ಯಾಡಾದ್ದು ತೆಗದು ಒಗಿಯೂದು." ಕೈಯಲ್ಲಿದ್ದ ಕಲ್ಲನ್ನು ತಿರುಗಿಸಿ ನೋಡಿದಳು. "ಕಲ್ಲು ಭೇಷ್ರಿ. ಹಾದಿಮ್ಯಾಲ ಬಣ್ಣಾ ಬದಲ ಮಾಡಾಂಗಿಲ್ಲ."

ಕಡಪಾಕ್ಕೆ ಹೋಗುತ್ತಿದ್ದೇವೆ ಅಂತಷ್ಟೇ ಹೇಳಿದೆ. "ದೂರಾತು ನೋಡ್ರಿ," ಅಂದಳು. ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಆಕೆ ಸಿಂಬಿ ಸರಿಮಾಡಿಕೊಂಡು ತುಂಬಿದ ಬುಟ್ಟಿಯನ್ನು ತಲೆಗೇರಿಸಿ, ಹಳಿಯ ಕಡೆ ನಡೆದಳು.

ರಾಶಿಯ ಬುಡದಲ್ಲಿ ಮಳೆನೀರು ನಿಂತ ಒಂದು ಸಣ್ಣ ತಗ್ಗಿತ್ತು. ಅದರೊಳಗೆ ಬದನೆಕಾಯಿ ಬಣ್ಣದ ಒಂದು ಗಿಡ, ಆಗತಾನೆ ತೆನೆ ಬಿಟ್ಟು ನಿಂತಿತ್ತು, ಮೀಸೆಯ ಸಮೇತ. ಅಕ್ಕನ ದಾರಿ ಅದರ ಮೇಲೇ ಹಾಯುತ್ತಿತ್ತು. ಆಕೆ ನಿಂತಳು. ತಲೆಯ ಮೇಲೆ ಅಷ್ಟು ಭಾರ ಹೊತ್ತು, ಕತ್ತು ಅಲುಗಿಸದೆ, ಕಣ್ಣು ಮಾತ್ರ ಕೆಳಗೆ ಹೊರಳಿಸಿ ಅದನ್ನು ನೋಡಿದಳು. ಬಲಗಾಲು ಎತ್ತಿದವಳು ಪಕ್ಕಕ್ಕೆ ಇಟ್ಟು, ಆ ತಗ್ಗನ್ನು ಸುತ್ತು ಹಾಕಿಕೊಂಡು, ತೆನೆಗೆ ಸೀರೆಯ ಅಂಚೂ ತಾಗದ ಹಾಗೆ ಎಡಗೈಯಲ್ಲಿ ನಿರಿಗೆ ಎತ್ತಿಹಿಡಿದು ದಾಟಿ ಹೋದಳು. ನಾನು ಆಕೆಯನ್ನು ನೋಡಿದ್ದು ಅದೇ ಕಡೆಯ ಸಲ.